ಊರು, ಕೇರಿ, ಪಡಿತರ: ಸಕ್ಕರೆ ಕಾಯಿಲೆ ಬೆಳೆಯುವ ನೆಲ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಕ್ಕರೆ ಕಾಯಿಲೆಯ ಬಗ್ಗೆ ನಡೆಸಿದ ಇಂಡಿಯಾಬ್ ಸಮೀಕ್ಷೆಯ 15 ರಾಜ್ಯಗಳ ವರದಿ 2017ರಲ್ಲಿ ಪ್ರಕಟವಾದಾಗ ಅದರಲ್ಲಿದ್ದ ಚಂಡೀಗಢದ ಲೆಕ್ಕ ಹಲವರ ಕಣ್ಣು ತೆರೆಸಿತು. ಆ ನಗರದ ಸ್ಥಿತಿವಂತರಲ್ಲಿ ಶೇ 12.9 ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಬಡವರಲ್ಲಿ ಅದು ಶೇ 26.9. ಕೂತು ಉಣ್ಣುವವರ ಕಾಯಿಲೆ ಎಂದು ತಲೆಮಾರುಗಳಿಂದ ನಂಬಿಕೊಂಡು ಬಂದದ್ದು ಒಂದೇ ಊರಿನೊಳಗೆ ತಿರುವುಮುರುವಾಗಿತ್ತು. ಹಳ್ಳಿಗಳಲ್ಲಿ ಆಗ ಇನ್ನೂ ಅನುಕೂಲಸ್ಥರಲ್ಲೇ ಕಾಯಿಲೆ ಹೆಚ್ಚು. ಮುಂದುವರಿದ ರಾಜ್ಯಗಳ ನಗರಗಳಲ್ಲಿ ಮಾತ್ರ ಅದು ಮೇಲಿನ ಮನೆಗಳಿಂದ ಕೆಳಗಿನ ಕೇರಿಗಳಿಗೆ ಇಳಿಯುತ್ತಿತ್ತು.

2023ರ ಹೊತ್ತಿಗೆ ಅದೇ ಸಮೀಕ್ಷೆ ಇಡೀ ದೇಶವನ್ನು ಮುಗಿಸಿತು. 1 ಲಕ್ಷದ 13 ಸಾವಿರ ಜನರನ್ನು ಪರೀಕ್ಷಿಸಿ ಹಾಕಿದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ನಗರದ ಪ್ರಮಾಣ ಶೇ 16.4, ಹಳ್ಳಿಯದು ಶೇ 8.9. ಗೋವಾದಲ್ಲಿ ಶೇ 26.4, ಉತ್ತರ ಪ್ರದೇಶದಲ್ಲಿ ಶೇ 4.8. ಒಂದೇ ದೇಶದ ಎರಡು ರಾಜ್ಯಗಳ ನಡುವೆ ಐದು ಪಟ್ಟಿಗೂ ಹೆಚ್ಚಿನ ಅಂತರ. ರಕ್ತದ ಗುಣದಿಂದ ಮಾತ್ರ ಇಷ್ಟು ದೊಡ್ಡ ಅಂತರ ಹುಟ್ಟಲಾರದು.

ಡಾಕ್ಟರ ಮುಂದೆ ಕೂತಾಗ ಬರುವ ಪ್ರಶ್ನೆಗಳು ಎರಡೇ: ಸ್ವೀಟ್ ತಿಂತೀರಾ, ವಾಕಿಂಗ್ ಹೋಗ್ತೀರಾ? ಕೇಳಬೇಕಾದ ಪ್ರಶ್ನೆಗಳೇ. ಆದರೆ ತಟ್ಟೆಗೆ ಬೀಳುವ ಧಾನ್ಯವನ್ನು ಬಹುಮಟ್ಟಿಗೆ ನ್ಯಾಯಬೆಲೆ ಅಂಗಡಿ ತೀರ್ಮಾನಿಸಿರುತ್ತದೆ. ನಡೆಯುವುದನ್ನು ಬೀದಿಯ ದೀಪ ಮತ್ತು ಮೋರಿ ಚಪ್ಪಡಿ ತೀರ್ಮಾನಿಸಿರುತ್ತವೆ. ಇನ್ಸುಲಿನ್ ಸುರಿಸುವ ಮೇದೋಜೀರಕ ಗ್ರಂಥಿಯ ಬಲ ಎಷ್ಟು ಎಂಬುದು ಎಷ್ಟೋ ಮಟ್ಟಿಗೆ ತಾಯಿಯ ಬಸಿರಿನಲ್ಲೇ ತೀರ್ಮಾನವಾಗಿರುತ್ತದೆ. ಈ ಮೂರನ್ನೂ ಬಿಟ್ಟು ರೋಗಿಗೆ ಮಾತ್ರ ಬುದ್ಧಿ ಹೇಳಿದರೆ ಊರಿನ ಅಂಕಿ ಇಳಿಯುವುದಿಲ್ಲ.

ಜಾಗದ ಪಾಲು ಎಷ್ಟೆಂದು ಅಳೆಯುವುದು ಹೇಗೆ

ಬಡ ಬಡಾವಣೆಯಲ್ಲಿ ಕಾಯಿಲೆ ಹೆಚ್ಚಿದೆ ಎಂದಮಾತ್ರಕ್ಕೆ ಬಡಾವಣೆಯೇ ಕಾರಣ ಎನ್ನಲಾಗದು. ಕಾಯಿಲೆಗೆ ಈಡಾಗುವ ಸಾಧ್ಯತೆ ಹೆಚ್ಚಿರುವವರೇ ಬಾಡಿಗೆ ಕಡಿಮೆಯೆಂದು ಅಲ್ಲಿಗೆ ಬಂದಿರಬಹುದು. ಯಾರು ಎಲ್ಲಿ ಇರಬೇಕೆಂದು ಬೇರೆಯವರು ನಿರ್ಧರಿಸಿದ ಸಂದರ್ಭ ಸಿಕ್ಕರೆ ಮಾತ್ರ ಈ ಗೊಂದಲ ಬಿಡಿಸಬಹುದು.

ಸ್ವೀಡನ್‌ನಲ್ಲಿ ಅಂಥ ಸಂದರ್ಭ ಒದಗಿತ್ತು. 1987ರಿಂದ 1991ರವರೆಗೆ ಅಲ್ಲಿಗೆ ಬಂದ ನಿರಾಶ್ರಿತರನ್ನು ಸರ್ಕಾರವೇ ಬೇರೆಬೇರೆ ಊರುಗಳಿಗೆ ಹಂಚಿತು. ಆಯ್ಕೆ ಅವರ ಕೈಯಲ್ಲಿರಲಿಲ್ಲ. ಅವರಲ್ಲಿ 61,386 ಜನರ ಆರೋಗ್ಯ ದಾಖಲೆಯನ್ನು ಎರಡು ದಶಕದ ನಂತರ ತೆಗೆದು ನೋಡಿದರೆ, ಅನುಕೂಲಸ್ಥ ಬಡಾವಣೆಗೆ ಬಿದ್ದವರಲ್ಲಿ ಶೇ 5.8, ಮಧ್ಯಮ ಬಡಾವಣೆಯವರಲ್ಲಿ ಶೇ 7.2, ತೀರಾ ಹಿಂದುಳಿದ ಬಡಾವಣೆಯವರಲ್ಲಿ ಶೇ 7.9 ಮಂದಿಗೆ ಸಕ್ಕರೆ ಕಾಯಿಲೆ ಬಂದಿತ್ತು. ವರ್ಷ ಕಳೆದಂತೆ ಅಂತರ ಹಿಗ್ಗಿತ್ತು. ಅಮೆರಿಕದ ಐದು ನಗರಗಳಲ್ಲಿ 1994ರಿಂದ 1998ರವರೆಗೆ ಬಡ ಕುಟುಂಬಗಳಿಗೆ ಚೀಟಿ ಎತ್ತಿ, ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ಬಾಡಿಗೆ ನೆರವು ಕೊಟ್ಟ ಪ್ರಯೋಗವೂ ಇದನ್ನೇ ಹೇಳಿತು. ಹತ್ತು ಹದಿನೈದು ವರ್ಷದ ಮೇಲೆ ರಕ್ತ ಪರೀಕ್ಷಿಸಿದಾಗ, ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.5 (ಸಕ್ಕರೆ ಕಾಯಿಲೆಯ ಗೆರೆ) ಅಥವಾ ಹೆಚ್ಚಿದ್ದ ಹೆಂಗಸರ ಪ್ರಮಾಣ ಆ ನೆರವು ಸಿಕ್ಕ ಗುಂಪಿನಲ್ಲಿ ನಾಲ್ಕಕ್ಕೂ ಹೆಚ್ಚು ಶೇಕಡಾಂಶ ಕಡಿಮೆ. ಅವರಿಗೆ ಯಾರೂ ಪಥ್ಯ ಹೇಳಿರಲಿಲ್ಲ. ಬದಲಾದದ್ದು ಮನೆಯ ವಿಳಾಸ.

ಇನ್ನೂ ಕಟುವಾದ ಕಥೆ ಅಮೆರಿಕದ ಅರಿಜೋನಾ ರಾಜ್ಯದ ಗಿಲಾ ನದಿಯದು. ಅಲ್ಲಿನ ಪಿಮಾ ಜನ ಶತಮಾನಗಳ ಕಾಲ ಕಾಲುವೆ ತೋಡಿ ಬೆಳೆ ಬೆಳೆದವರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮೇಲ್ಭಾಗಕ್ಕೆ ಬಂದು ನೆಲೆಸಿದವರು ನೀರನ್ನು ತಿರುಗಿಸಿಕೊಂಡರು. ಹೊಲ ಒಣಗಿತು, ದುಡಿಮೆ ನಿಂತಿತು, ಹೊಟ್ಟೆಗೆ ಸರ್ಕಾರ ಹಂಚುವ ಮೈದಾ ಮತ್ತು ಕೊಬ್ಬು ಗತಿಯಾಯಿತು. ಇದೇ ಜನರ ಇನ್ನೊಂದು ಕವಲು ಮೆಕ್ಸಿಕೋದ ಮಾಯ್‌ಕೋಬಾ ಬೆಟ್ಟಗಳಲ್ಲಿ ಕೈಯಾರೆ ಬೇಸಾಯ ಮಾಡಿಕೊಂಡಿತ್ತು. 2006ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಅರಿಜೋನಾದವರಲ್ಲಿ ಶೇ 38 ಮಂದಿಗೆ ಸಕ್ಕರೆ ಕಾಯಿಲೆ, ಮೆಕ್ಸಿಕೋದವರಲ್ಲಿ ಶೇ 6.9 ಮಂದಿಗೆ. ಪಿಮಾ ಜನರನ್ನು ಅನುವಂಶೀಯ ದೋಷಕ್ಕೆ ಉದಾಹರಣೆಯಾಗಿ ದಶಕಗಳ ಕಾಲ ಪಾಠ ಹೇಳಿದ್ದಾರೆ. ದೋಷ ಅಷ್ಟೇ ಕಾರಣವಾಗಿದ್ದರೆ ಗಡಿಯ ಆಚೆಗೂ ಅದು ಅಷ್ಟೇ ಕಾಣಬೇಕಿತ್ತು.

ತಿಂಗಳಿಗೆ ಹತ್ತು ಕೆಜಿ

ಈಗ ನಮ್ಮ ಪಡಿತರಕ್ಕೆ ಬರೋಣ. ಕರ್ನಾಟಕದ ಅನ್ನಭಾಗ್ಯ 2013ರ ಜುಲೈನಲ್ಲಿ ಶುರುವಾಯಿತು. ಬರ ಬಿದ್ದ ವರ್ಷಗಳಲ್ಲಿ, ಕೋವಿಡ್ ಕಾಲದಲ್ಲಿ ಅದು ಎಷ್ಟು ಮನೆಗಳ ಒಲೆ ಉರಿಸಿತು ಎಂಬುದನ್ನು ಮರೆತು ಮಾತಾಡುವುದು ಅನ್ಯಾಯ. ಅಕ್ಕಿ ಕಸಿಯಬೇಕು ಎಂಬ ವಾದ ಇಲ್ಲಿಲ್ಲ. ತೂಕದ ಲೆಕ್ಕ ಮಾತ್ರ ಹಾಕೋಣ.

2025ರಲ್ಲಿ ಕೊಡುತ್ತಿದ್ದಂತೆ ತಲೆಗೆ ತಿಂಗಳಿಗೆ 10 ಕೆಜಿ ಅಂದರೆ ದಿನಕ್ಕೆ ಸುಮಾರು 333 ಗ್ರಾಂ ಅಕ್ಕಿ. ಪಾಲಿಷ್ ಅಕ್ಕಿಯ 100 ಗ್ರಾಂನಲ್ಲಿ 78 ಗ್ರಾಂನಷ್ಟು ಪಿಷ್ಟ, ಅಂದರೆ ದಿನಕ್ಕೆ 260 ಗ್ರಾಂ ಪಿಷ್ಟ ಅಕ್ಕಿಯಿಂದಲೇ. ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2024ರ ಮಾರ್ಗಸೂಚಿ 2000 ಕ್ಯಾಲೊರಿಯ ಊಟಕ್ಕೆ ಹೇಳುವುದು ಎಲ್ಲ ಧಾನ್ಯ ಸೇರಿ 250 ಗ್ರಾಂ, ಜೊತೆಗೆ ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ. ಕೊಟ್ಟ ಅಕ್ಕಿಯನ್ನೆಲ್ಲ ಎಲ್ಲರೂ ಉಣ್ಣುವುದಿಲ್ಲ ನಿಜ. ಆದರೂ ಧಾನ್ಯ ಅಗ್ಗವಾಗಿ ಬೇಳೆ, ತರಕಾರಿ, ಹಾಲು ದುಬಾರಿಯಾಗಿ ಉಳಿದಾಗ ತಟ್ಟೆ ಯಾವ ಕಡೆ ವಾಲುತ್ತದೆ ಎಂಬುದಕ್ಕೆ ಸಮೀಕ್ಷೆ ಬೇಕಿಲ್ಲ. 21 ದೇಶಗಳಲ್ಲಿ ನಡೆದ ಪ್ಯೂರ್ ಅಧ್ಯಯನದ 2020ರ ವರದಿಯಲ್ಲಿ, ದಿನಕ್ಕೆ 450 ಗ್ರಾಂ ಅಥವಾ ಹೆಚ್ಚು ಬೆಂದ ಬಿಳಿ ಅನ್ನ ಉಣ್ಣುವವರಿಗೆ 150 ಗ್ರಾಂಗಿಂತ ಕಡಿಮೆ ಉಣ್ಣುವವರಿಗಿಂತ ಸಕ್ಕರೆ ಕಾಯಿಲೆಯ ಸಾಧ್ಯತೆ ಶೇ 20 ಹೆಚ್ಚಿತ್ತು. ದಕ್ಷಿಣ ಏಷ್ಯಾದಲ್ಲಿ ಅದೇ ಅಂತರ ಶೇ 61. 450 ಗ್ರಾಂ ಅನ್ನಕ್ಕೆ 150ರಿಂದ 180 ಗ್ರಾಂ ಅಕ್ಕಿ ಸಾಕು.

ಹಾಗಾದರೆ ರಾಗಿ ತಿನ್ನಿ ಎನ್ನುವುದು ಸುಲಭದ ಉತ್ತರ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ಒಳ್ಳೆಯದೇ. ಆದರೆ ನುಣ್ಣಗೆ ಬೀಸಿದ 100 ಗ್ರಾಂ ರಾಗಿ ಹಿಟ್ಟಿನ ಒಂದು ದೊಡ್ಡ ಮುದ್ದೆಯಲ್ಲೂ 70 ಗ್ರಾಂ ಹತ್ತಿರ ಪಿಷ್ಟವಿದೆ. ಉಳುವ, ಅಗೆಯುವ ಮೈ ಅದನ್ನು ಮಧ್ಯಾಹ್ನದೊಳಗೆ ಕರಗಿಸುತ್ತಿತ್ತು. ಈಗ ಟ್ರ್ಯಾಕ್ಟರ್ ಉಳುತ್ತದೆ, ಬೋರ್‌ವೆಲ್ ಮೋಟಾರು ಮೊಬೈಲಿನಿಂದ ಚಾಲೂ ಆಗುತ್ತದೆ, ಮುದ್ದೆಯ ಗಾತ್ರ ಮಾತ್ರ ಅಜ್ಜನ ಕಾಲದ್ದೇ. ಇಂಡಿಯಾಬ್ ತಂಡದ 2025ರ ಆಹಾರ ವರದಿ ಇದನ್ನು ನೇರವಾಗಿ ಹೇಳಿದೆ. ಭಾರತೀಯರ ಊಟದ ಶಕ್ತಿಯಲ್ಲಿ ಶೇ 62 ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತಿದೆ. ಒಟ್ಟು ಪ್ರಮಾಣ ಇಳಿಸದೆ ಅಕ್ಕಿಯ ಜಾಗಕ್ಕೆ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ತಂದರೆ ಲಾಭ ಕಾಣಲಿಲ್ಲ. ಶಕ್ತಿಯ ಶೇ 5ರಷ್ಟನ್ನು ಪಿಷ್ಟದಿಂದ ಬೇಳೆಕಾಳು ಅಥವಾ ಹಾಲಿನ ಪ್ರೋಟೀನಿಗೆ ಬದಲಿಸಿದರೆ ಅಪಾಯ ಇಳಿಯುತ್ತದೆಂದು ಲೆಕ್ಕ ತೋರಿಸಿತು.

ಆ ಶೇ 5 ಅಡುಗೆಮನೆಯಲ್ಲಿ ಎಷ್ಟಾಗುತ್ತದೆ? 2000 ಕ್ಯಾಲೊರಿಯ ಶೇ 5 ಎಂದರೆ 25 ಗ್ರಾಂ ಪ್ರೋಟೀನು. ದಿನಕ್ಕೆ 100 ಗ್ರಾಂ ಅಕ್ಕಿ ಬಿಟ್ಟು 100 ಗ್ರಾಂ ಬೇಳೆ ಸೇರಿಸಿದರೆ ಪಿಷ್ಟ 20 ಗ್ರಾಂನಷ್ಟು ಇಳಿದು ಪ್ರೋಟೀನು 15 ಗ್ರಾಂನಷ್ಟು ಏರುತ್ತದೆ. ಅಕ್ಕಿಯನ್ನು ಇನ್ನೊಂದಿಷ್ಟು ಇಳಿಸಿ 300 ಮಿಲಿ ಮೊಸರು ಕೂಡಿಸಿದರೆ ಗುರಿ ಮುಟ್ಟುತ್ತದೆ. ನಾಲ್ಕು ಜನರ ಮನೆಗೆ ಇದು ತಿಂಗಳಿಗೆ 12 ಕೆಜಿ ಬೇಳೆ. ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಆ 10 ಕೆಜಿಯಲ್ಲಿ ಹೆಚ್ಚುವರಿಯಾಗಿ ಕೊಡುತ್ತಿದ್ದ 5 ಕೆಜಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಆಹಾರ ಕಿಟ್ ಕೊಡುವ ತೀರ್ಮಾನ ಮಾಡಿದ್ದು ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ. ಕಿಟ್‌ನಲ್ಲಿ ಸಕ್ಕರೆ ಬೇಕಿರಲಿಲ್ಲ. ಬೇಳೆಯ ತೂಕದ ಮೇಲೂ ಕಣ್ಣಿಡಬೇಕು: ಮನೆಗೆ ತಿಂಗಳಿಗೆ 2 ಕೆಜಿ ಬಂದರೆ ನಾಲ್ವರಲ್ಲಿ ಹಂಚಿ ತಲೆಗೆ ದಿನಕ್ಕೆ 17 ಗ್ರಾಂ, ಅಂದರೆ ಒಂದು ಹಿಡಿಯೂ ಅಲ್ಲ. ಹುರುಳಿ, ಅಲಸಂದೆ, ಕಡಲೆ ನಮ್ಮ ಹೊಲದ ಬೆಳೆಗಳೇ. ಪಡಿತರಕ್ಕೆ ಇವನ್ನೂ ಕೊಂಡರೆ ರೈತನಿಗೂ ತಟ್ಟೆಗೂ ಒಳ್ಳೆಯದು.

ಬಡತನವೆಂದರೆ ಬರೀ ಅತಿಪಿಷ್ಟದ ಊಟವೂ ಅಲ್ಲ. ಬಾಲ್ಯದಿಂದ ಹೊಟ್ಟೆಗಿಲ್ಲದೆ ಬೆಳೆದ, ತೆಳ್ಳಗಿನ ಯುವಜನರಲ್ಲಿ ಇನ್ಸುಲಿನ್ನೇ ಸಾಕಷ್ಟು ಹುಟ್ಟದೆ ಬರುವ ಸಕ್ಕರೆ ಕಾಯಿಲೆಯನ್ನು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2025ರಲ್ಲಿ ಟೈಪ್ 5 ಎಂದು ಪ್ರತ್ಯೇಕವಾಗಿ ಗುರುತಿಸಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ದೀರ್ಘ ಕೆಲಸ ಇದರ ಹಿಂದಿದೆ. ಇಂಥವರಿಗೆ ತೂಕ ಇಳಿಸಿ, ಊಟ ಬಿಡಿ ಎಂದರೆ ಜೀವಕ್ಕೇ ಕುತ್ತು.

ಮೈಸೂರಿನ ಹೆರಿಗೆ ದಾಖಲೆಗಳು

ಜಗತ್ತಿನ ಸಕ್ಕರೆ ಕಾಯಿಲೆ ಸಂಶೋಧನೆಯಲ್ಲಿ ಮೈಸೂರಿಗೆ ಒಂದು ವಿಶೇಷ ಸ್ಥಾನವಿದೆ, ಮೈಸೂರಿನಲ್ಲೇ ಇದು ಅನೇಕರಿಗೆ ತಿಳಿಯದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಪ್ರತಿ ಹೆರಿಗೆಯಲ್ಲೂ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಹಾಗೆ ಹುಟ್ಟಿದ 500ಕ್ಕೂ ಹೆಚ್ಚು ಜನರನ್ನು 1990ರ ದಶಕದಲ್ಲಿ, ಅವರಿಗೆ 39ರಿಂದ 60 ವರ್ಷವಾಗಿದ್ದಾಗ, ಹುಡುಕಿ ಪರೀಕ್ಷಿಸಿದರು. ಇಂಗ್ಲೆಂಡಿನಲ್ಲಿ ಹುಟ್ಟುವಾಗ ತೂಕ ಕಡಿಮೆಯಿದ್ದವರಿಗೆ ಕಾಯಿಲೆ ಹೆಚ್ಚು ಬಂದಿತ್ತು. ಮೈಸೂರಿನಲ್ಲಿ ಹುಟ್ಟುವಾಗ ಗಿಡ್ಡವಾಗಿದ್ದು ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದ ಮಕ್ಕಳಿಗೆ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ಹೆಚ್ಚು ಬಂದಿತ್ತು. ತಾಯಿಯ ರಕ್ತದಲ್ಲೇ ಸಕ್ಕರೆ ಏರಿದ್ದಿರಬೇಕು ಎಂಬ ಅನುಮಾನ ಆಗ ಎದ್ದಿತು.

ಅದನ್ನು ಪರಿಶೀಲಿಸಲು 1997–98ರಲ್ಲಿ ಅದೇ ಆಸ್ಪತ್ರೆಯ ಬಸುರಿಯರನ್ನು ಮೊದಲಿನಿಂದ ಹಿಂಬಾಲಿಸಿದರು. ಶೇ 6.2 ಮಂದಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ ಇತ್ತು. ಅವರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗಾಗಲೇ ಕೊಬ್ಬು ಹೆಚ್ಚು. ಇನ್ನೊಂದು ಸಂಗತಿ: ಶೇ 43 ತಾಯಂದಿರಲ್ಲಿ ಬಿ12 ಜೀವಸತ್ವದ ಕೊರತೆ ಇತ್ತು, ಕೊರತೆ ಇದ್ದವರಲ್ಲಿ ಶೇ 8.7 ಮಂದಿಗೆ, ಇಲ್ಲದವರಲ್ಲಿ ಶೇ 4.6 ಮಂದಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ. ಬಿ12 ಸಹಜವಾಗಿ ಸಿಗುವುದು ಬಹುಮಟ್ಟಿಗೆ ಹಾಲು, ಮೊಟ್ಟೆ, ಮೀನು, ಮಾಂಸದಿಂದ. ಇತ್ತ ಪುಣೆಯ ಹಳ್ಳಿಗಳ ಅಧ್ಯಯನ, ಸರಾಸರಿ 2.7 ಕೆಜಿಯ ನಮ್ಮ ಕೂಸುಗಳಲ್ಲಿ ಸ್ನಾಯು ಕಡಿಮೆಯಿದ್ದರೂ ಚರ್ಮದಡಿಯ ಕೊಬ್ಬು 3.5 ಕೆಜಿಯ ಇಂಗ್ಲಿಷ್ ಕೂಸುಗಳಿಗೆ ಹತ್ತಿರವಿತ್ತೆಂದು ತೋರಿಸಿತು. ಕಡಿಮೆ ಸ್ನಾಯುವಿನ ಮೈಗೆ ಸಕ್ಕರೆ ಸುಡುವ ಜಾಗವೇ ಕಡಿಮೆ. ಅದಕ್ಕೇ ನಮ್ಮಲ್ಲಿ ತೆಳ್ಳಗೆ ಕಾಣುವವರಿಗೂ ಮೂವತ್ತೈದಕ್ಕೆ ಸಕ್ಕರೆ ಬರುತ್ತದೆ. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂಮೀ, ಹೆಂಗಸರಿಗೆ 80 ಸೆಂಮೀ ದಾಟಬಾರದು ಎಂದು ನಮಗೆ ಬೇರೆಯೇ ಗೆರೆ ಎಳೆದಿರುವುದೂ ಇದಕ್ಕೇ.

ಬ್ರಿಟನ್ನಿನಲ್ಲಿ ಮನೆಗೆ ಇಷ್ಟೇ ಎಂದು ಮಿತಿ ಹಾಕಿದ್ದ ಯುದ್ಧಕಾಲದ ಸಕ್ಕರೆ ಪಡಿತರ 1953ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅದರ ಹಿಂದೆಮುಂದೆ ಹುಟ್ಟಿದವರನ್ನು ಹೋಲಿಸಿದ 2024ರ ಅಧ್ಯಯನದಲ್ಲಿ, ಗರ್ಭದಲ್ಲೂ ಎಳವೆಯಲ್ಲೂ ಸಕ್ಕರೆ ಮಿತಿಯಲ್ಲಿದ್ದವರಿಗೆ ಮುಂದೆ ಸಕ್ಕರೆ ಕಾಯಿಲೆಯ ಅಪಾಯ ಶೇ 35ರಷ್ಟು ಕಡಿಮೆ. ಅಂಗನವಾಡಿಯ ಪೌಷ್ಟಿಕ ಪುಡಿಗೆ ಎಷ್ಟು ಸಕ್ಕರೆ, ಬೆಲ್ಲ ಬೆರೆಸಬೇಕು ಎಂದು ನಿರ್ಧರಿಸುವವರು ಈ ಫಲಿತಾಂಶವನ್ನು ಎದುರಿಗಿಟ್ಟುಕೊಳ್ಳಬೇಕು.

ಬೀದಿ, ಗಾಳಿ, ರಾತ್ರಿ ಪಾಳಿ

ಕೆನಡಾದ ದಕ್ಷಿಣ ಒಂಟಾರಿಯೊದಲ್ಲಿ 2001ರಿಂದ 2012ರ ನಡುವೆ, ನಡೆದಾಡಲು ಅತಿ ಅನುಕೂಲವಾದ ಬಡಾವಣೆಗಳಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬರುವವರು ಸಾವಿರಕ್ಕೆ 7.7ರಿಂದ 6.2ಕ್ಕೆ ಇಳಿದರು. ಅನುಕೂಲವಿಲ್ಲದ ಕಡೆ ಇಳಿಯಲಿಲ್ಲ. ನಮ್ಮಲ್ಲಿ ಫುಟ್‌ಪಾತಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಇದೆ: ಅಡ್ಡಿಯಿಲ್ಲದ 1.8 ಮೀಟರ್ ಅಗಲ, 150 ಮಿಲಿಮೀಟರ್ ಮೀರದ ಎತ್ತರ. ಟೇಪು ಹಿಡಿದು ಬೆಂಗಳೂರಿನ ಯಾವುದೇ ವಾರ್ಡಿನಲ್ಲಿ ಅರ್ಧ ಕಿಲೋಮೀಟರ್ ನಡೆದರೆ ಟ್ರಾನ್ಸ್‌ಫಾರ್ಮರ್, ನಿಂತ ಬೈಕು, ಎದ್ದ ಚಪ್ಪಡಿ ಲೆಕ್ಕಕ್ಕೆ ಸಿಗುತ್ತವೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ರಕ್ತದ ಸಕ್ಕರೆಯ ಏರಿಕೆ ತಗ್ಗುತ್ತದೆ. ಆದರೆ ರಾತ್ರಿ ಒಂಬತ್ತಕ್ಕೆ ದೀಪವಿಲ್ಲದ ಬೀದಿಗೆ ಹೆಂಗಸರು ಹೇಗೆ ಇಳಿಯಬೇಕು?

ಗಾಳಿಯ ವಿಷಯ ಇನ್ನೂ ಜನರ ಮಾತಿಗೆ ಬಂದಿಲ್ಲ. ಪಿಎಂ 2.5 ಎಂಬ ಸೂಕ್ಷ್ಮ ಕಣ ಶ್ವಾಸಕೋಶದಲ್ಲಿ ಉರಿಯೂತ ಎಬ್ಬಿಸಿ, ಅದು ರಕ್ತದ ಮೂಲಕ ಹರಡಿ, ಸ್ನಾಯು ಮತ್ತು ಕೊಬ್ಬು ಇನ್ಸುಲಿನ್ನಿಗೆ ಓಗೊಡುವುದನ್ನು ಮಂದವಾಗಿಸುತ್ತದೆ. ದೆಹಲಿ ಮತ್ತು ಚೆನ್ನೈನ 12 ಸಾವಿರ ಜನರನ್ನು ಹಿಂಬಾಲಿಸಿದ ಅಧ್ಯಯನದ 2023ರ ವರದಿಯಂತೆ, ವಾರ್ಷಿಕ ಸರಾಸರಿ ಘನ ಮೀಟರಿಗೆ 10 ಮೈಕ್ರೋಗ್ರಾಂ ಏರಿದರೆ ಹೊಸ ಸಕ್ಕರೆ ಕಾಯಿಲೆಯ ಅಪಾಯ ಶೇ 22 ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 5, ನಮ್ಮ ದೇಶದ ಮಿತಿ 40. ರಾತ್ರಿ ಪಾಳಿಯದೂ ಸಣ್ಣ ಪಾಲಲ್ಲ: ಅಮೆರಿಕದ ದಾದಿಯರಲ್ಲಿ 20 ವರ್ಷಕ್ಕಿಂತ ಹೆಚ್ಚು ಕಾಲ ಸರದಿಯ ರಾತ್ರಿ ಪಾಳಿ ಮಾಡಿದವರಿಗೆ ಅಪಾಯ ಶೇ 58 ಹೆಚ್ಚು.

ಅಂಕಿ ಎಡವುವ ಜಾಗ

ಊರಿನ ಶೇಕಡಾವಾರು ಏರಿದರೆ ಕಾಯಿಲೆ ಹೆಚ್ಚಿತು ಎಂದೇ ಅರ್ಥವಲ್ಲ. ಕೆರೆಯ ನೀರು ಕಾಲುವೆಯಿಂದ ಹೆಚ್ಚು ಬಂದರೂ ಏರುತ್ತದೆ, ತೂಬು ಮುಚ್ಚಿದರೂ ಏರುತ್ತದೆ. ಚಿಕಿತ್ಸೆ ಸಿಕ್ಕಿ ಜನ ಹೆಚ್ಚು ಕಾಲ ಬದುಕಿದರೆ ಅಂಕಿ ಏರುವುದು ಒಳ್ಳೆಯ ಸುದ್ದಿ. ಪರಿಸರದ ಪ್ರಭಾವ ನೋಡಲು ಬೇಕಾದದ್ದು ವರ್ಷಕ್ಕೆ ಎಷ್ಟು ಹೊಸಬರು ಎಂಬ ಲೆಕ್ಕ.

ವಯಸ್ಸು ಇನ್ನೊಂದು ಮೋಸ. ಎರಡು ಹಳ್ಳಿಗಳನ್ನು ಕಲ್ಪಿಸಿಕೊಳ್ಳಿ, ತಲಾ ಸಾವಿರ ವಯಸ್ಕರು. ಮೊದಲನೆಯದರಲ್ಲಿ 50 ದಾಟಿದವರು 300, ಅವರಲ್ಲಿ ಶೇ 20ಕ್ಕೆ ಕಾಯಿಲೆ; ಉಳಿದ 700ರಲ್ಲಿ ಶೇ 5ಕ್ಕೆ. ಒಟ್ಟು 95 ಜನ, ಶೇ 9.5. ಎರಡನೆಯದರಲ್ಲಿ 50 ದಾಟಿದವರು 100, ಅವರಲ್ಲಿ ಶೇ 25ಕ್ಕೆ. ಉಳಿದ 900ರಲ್ಲಿ ಶೇ 6ಕ್ಕೆ. ಒಟ್ಟು 79 ಜನ, ಶೇ 7.9. ಒಟ್ಟು ಅಂಕಿ ನೋಡಿದವರು ಎರಡನೇ ಹಳ್ಳಿ ವಾಸಿ ಎನ್ನುತ್ತಾರೆ. ಎರಡೂ ವಯೋಗುಂಪಿನಲ್ಲಿ ಕೆಟ್ಟಿರುವುದು ಅದೇ. ಯುವಜನ ಬೆಂಗಳೂರಿಗೆ ಗುಳೆ ಹೋದ ತಾಲ್ಲೂಕುಗಳ ಅಂಕಿಯನ್ನು ಓದುವಾಗ ಇದನ್ನು ಮರೆಯಬಾರದು.

ಎಚ್‌ಬಿಎ1ಸಿ ಪರೀಕ್ಷೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕಬ್ಬಿಣದ ಕೊರತೆ ಇದ್ದರೆ ಅದು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ, ರಕ್ತಸ್ರಾವ ಅಥವಾ ಕೆಂಪುಕಣ ಬೇಗ ಒಡೆಯುವ ರೋಗವಿದ್ದರೆ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಇಂಥ ಕಡೆ ಖಾಲಿ ಹೊಟ್ಟೆಯ ಸಕ್ಕರೆ 126, ಗ್ಲೂಕೋಸ್ ಕುಡಿದ ಎರಡು ಗಂಟೆಗೆ 200 ಎಂಬ ಗೆರೆಗಳೇ ಹೆಚ್ಚು ನಂಬಿಕೆಗೆ ಯೋಗ್ಯ.

ವಾರ್ಡು, ಪಂಚಾಯ್ತಿ ಮಟ್ಟದಲ್ಲಿ

ಆಶಾ ಕಾರ್ಯಕರ್ತೆಯರು 30 ದಾಟಿದ ಪ್ರತಿಯೊಬ್ಬರಿಗೂ ಒಂದು ಅಂಕಪಟ್ಟಿ ತುಂಬುತ್ತಾರೆ: ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಮನೆತನದ ಕಾಯಿಲೆ. ನಾಲ್ಕಕ್ಕಿಂತ ಹೆಚ್ಚು ಅಂಕ ಬಂದವರನ್ನು ಮೊದಲು ಪರೀಕ್ಷೆಗೆ ಕಳಿಸಬೇಕು. ಅಳತೆ ಕೆಡುವುದು ಸಣ್ಣ ಕಾರಣಗಳಿಗೆ. ಸೀರೆಯ ನೆರಿಗೆಯ ಮೇಲೆ ಟೇಪು ಹಿಡಿದರೆ ಅಳತೆ ಹಿಗ್ಗುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ, ತೆಳು ಬಟ್ಟೆಯ ಮೇಲೆ ಅಳೆಯಬೇಕು. ಹಣ್ಣು ಮುಟ್ಟಿದ ಬೆರಳು ತೊಳೆಯದೆ ಚುಚ್ಚಿದರೆ ಗ್ಲೂಕೋಮೀಟರ್ ಸುಳ್ಳು ಹೇಳುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಮಳೆಗಾಲದಲ್ಲಿ ತೆರೆದಿಟ್ಟರೂ ಅಷ್ಟೇ.

ಈ ಅಂಕಪಟ್ಟಿಗಳು ಕಂಪ್ಯೂಟರಿಗೆ ಹೋಗಿ ಜಿಲ್ಲೆಯ ಒಂದು ಸಂಖ್ಯೆಯಾಗಿ ಕರಗುವ ಮೊದಲು, ಬೀದಿವಾರು, ವಯೋಗುಂಪುವಾರು ಒಂದು ಹಾಳೆಯಲ್ಲಿ ಬರೆದರೆ ಗ್ರಾಮಸಭೆಯಲ್ಲಿ ಮಾತಾಡಲು ಆಧಾರ ಸಿಗುತ್ತದೆ. ಹೆಸರು ಬೇಡ, ಸಂಖ್ಯೆ ಸಾಕು. ಯಾವ ಬೀದಿಯಲ್ಲಿ ಹೊಸ ಕೇಸು ಹೆಚ್ಚೋ ಅಲ್ಲಿ ತರಕಾರಿ ಅಂಗಡಿ ಎಷ್ಟು ದೂರ, ಬೇಕರಿ ಎಷ್ಟು ಹತ್ತಿರ, ಬೀದಿದೀಪ ಎಷ್ಟು ಉರಿಯುತ್ತವೆ, ಎಷ್ಟು ಮನೆಯಲ್ಲಿ ಸೌದೆ ಒಲೆ ಎಂದು ಪಕ್ಕದ ಕಾಲಂನಲ್ಲಿ ಬರೆಯಬೇಕು.

ಒಂದೇ ಕೆಲಸಕ್ಕೆ ಶಕ್ತಿಯಿದ್ದರೆ ಅದನ್ನು ಬಸುರಿಯರಿಗೆ ಮೀಸಲಿಡಿ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಂತೆ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ, ಊಟವಾಗಿರಲಿ ಬಿಡಲಿ, 75 ಗ್ರಾಂ ಗ್ಲೂಕೋಸನ್ನು 300 ಮಿಲಿ ನೀರಿನಲ್ಲಿ ಕದಡಿ ಐದು ಹತ್ತು ನಿಮಿಷದಲ್ಲಿ ಕುಡಿಸಿ, ಎರಡು ಗಂಟೆಗೆ ರಕ್ತ ನೋಡಬೇಕು. 140 ಅಥವಾ ಹೆಚ್ಚಿದ್ದರೆ ಗರ್ಭಕಾಲದ ಸಕ್ಕರೆ ಕಾಯಿಲೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮಾರನೇ ದಿನ ಮತ್ತೆ. ಬಸ್ಸು ತಪ್ಪುತ್ತದೆಂದು ಒಂದೂವರೆ ಗಂಟೆಗೇ ರಕ್ತ ಕೊಟ್ಟು ಹೊರಟರೆ ಆ ಅಂಕಿಗೆ ಬೆಲೆಯಿಲ್ಲ. ಆದ್ದರಿಂದ ಬೆಳಗ್ಗೆ ಬಂದ ಕೂಡಲೇ ಮೊದಲು ಗ್ಲೂಕೋಸ್ ಕುಡಿಸಿ, ತೂಕ, ಬಿಪಿ, ಸ್ಕ್ಯಾನ್ ಚೀಟಿ ಆಮೇಲೆ ಮಾಡಿಕೊಳ್ಳುವುದು ಒಳ್ಳೆಯದು.

ಹೆರಿಗೆಯಾದ ಆರು ವಾರಕ್ಕೆ ಇದೇ ಪರೀಕ್ಷೆ ಮತ್ತೆ ಆಗಬೇಕು, ತಪ್ಪಿಹೋಗುವುದೂ ಇದೇ. ಮಗುವಿಗೆ ಆರು ವಾರದ ಲಸಿಕೆ ಹಾಕಿಸಲು ತಾಯಿ ಹೇಗೂ ಆರೋಗ್ಯ ಕೇಂದ್ರಕ್ಕೆ ಬಂದಿರುತ್ತಾಳೆ. ಆದರೆ ಬಾಣಂತನಕ್ಕೆ ತವರಿಗೆ ಹೋದವಳು ಬರುವುದು ತವರೂರಿನ ಕೇಂದ್ರಕ್ಕೆ. ಅವಳಿಗೆ ಸಕ್ಕರೆ ಇತ್ತು ಎಂಬ ದಾಖಲೆ ಇರುವುದು ಗಂಡನ ಊರಿನ ಕೇಂದ್ರದಲ್ಲಿ. ತಾಯಿ ಕಾರ್ಡಿನ ಲಸಿಕೆ ಪುಟದಲ್ಲೇ, ಆರು ವಾರದ ಸಾಲಿನ ಪಕ್ಕ, ‘ತಾಯಿಗೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರೆ, ಆ ಕೇಂದ್ರದ ನರ್ಸಮ್ಮ ಮಗುವಿನ ತೊಡೆಗೆ ಸೂಜಿ ಚುಚ್ಚುವ ಮೊದಲೇ ತಾಯಿಯ ಕೈಗೆ ಗ್ಲೂಕೋಸ್ ಲೋಟ ಕೊಡಬಹುದು.